ಐದನೇ ಪರೀಕ್ಷೆಯಲ್ಲಿ ಕೇಳಿದ ಸೀಟಿ

ಮಾರ್ಚ್ 9, ಭಾನುವಾರ

ಪ್ರೀತಿಯ ಮರಿಗೆ,

ಅಪ್ಪ, ಅಮ್ಮ ಇಬ್ಬರ ಆಶೀರ್ವಾದ. ನಾವು ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ. ರಾಕೆಟ್ಟಿನ ಅನಾವರಣ ಮುಗಿಯುವ ತನಕ ನಿಮ್ಮೆಲ್ಲರ ಫೋನುಗಳನ್ನು ಗೇಟಿನಲ್ಲೇ ಇಟ್ಟುಕೊಂಡಿರುವುದರಿಂದ ನಂಬದೆ ಬೇರೆ ದಾರಿಯೂ ಇಲ್ಲ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೆಲಸ ಜಾಸ್ತಿಯಿತ್ತು ಎಂದು ಬರೆಯೋಣ ಎಂದುಕೊಂಡೆ. ಅಮ್ಮ ಹೆಗಲ ಮೇಲಿಂದ ಇಣುಕಿ, "ಬೆಳಿಗ್ಗೆ ಪೇಪರ್ ಓದೋದು, ಮಧ್ಯಾಹ್ನ ಅದೇ ಪೇಪರ್ ಇನ್ನೊಂದು ಸಲ ಓದೋದು, ಅಷ್ಟೇ ತಾನೆ ನಿಮ್ಮ ಕೆಲಸ" ಎಂದಳು. ಹಾಗಾಗಿ ಆ ನೆಪ ಬಿಟ್ಟಿದ್ದೇನೆ. ನಿಜ ಏನೆಂದರೆ ಬರೆಯಲು ಧೈರ್ಯ ಸಾಲಲಿಲ್ಲ. ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು.

ಅಮ್ಮನ ಮಂಡಿನೋವು ಕಡಿಮೆಯಾಗಿದೆ. ಮೆಟ್ಟಿಲು ಹತ್ತುವಾಗ ಮಾತ್ರ ನನ್ನನ್ನು ಬೈಯುತ್ತಾಳೆ, ಈ ಬಾಡಿಗೆ ಮನೆಯ ಮೆಟ್ಟಿಲು ಕಟ್ಟಿಸಿದವನು ನಾನೇ ಎನ್ನುವ ಹಾಗೆ. ನಿನ್ನ ಕೋಣೆಯ ಕಿಟಕಿಗೆ ಹೊಸ ಗಾಜು ಹಾಕಿಸಿದೆ. ನಾಲ್ಕನೇ ಎಂಜಿನ್ ಪರೀಕ್ಷೆಯ ದಿನ ಮನೆಯೆಲ್ಲ ಅದುರಿ ಹಳೆಯ ಗಾಜು ಬಿರುಕು ಬಿಟ್ಟಿತ್ತು. ಗಾಜಿನವನು ಅಳತೆ ತೆಗೆದುಕೊಳ್ಳುತ್ತಾ, "ಈ ಬೀದೀಲಿ ಇದು ಏಳನೇ ಕಿಟಕಿ ಸಾರ್. ನಿಮ್ಮ ರಾಕೆಟ್ ಇನ್ನೂ ನಾಲ್ಕು ದಿನ ಹೀಗೇ ಗುಡುಗಲಿ" ಎಂದ.

ಇನ್ನು ರಾಕೆಟ್ ನೋಡಲು ಸೇರುವ ನಮ್ಮ ಬಳಗದ ಸಮಾಚಾರ. ಇಪ್ಪತ್ತೊಂದನೇ ತಾರೀಕಿನ ಅನಾವರಣಕ್ಕೆ ಎಲ್ಲರೂ ಒಂದು ಕಾಲಿನ ಮೇಲೆ ನಿಂತಿದ್ದಾರೆ. ಹಲ್ಲು ಡಾಕ್ಟರು ಆ ದಿನ ಕ್ಲಿನಿಕ್ ಮುಚ್ಚಿರುತ್ತದೆ ಎಂದು ಈಗಲೇ ಬೋರ್ಡು ಬರೆಸಿ ಬಾಗಿಲಿಗೆ ನೇತುಹಾಕಿದ್ದಾರೆ. ಹಲ್ಲು ನೋಯುವವರು ಇಪ್ಪತ್ತರೊಳಗೇ ನೋಯಿಸಿಕೊಂಡು ಮುಗಿಸಬೇಕು. ಸೈಕಲ್ ಅಂಗಡಿಯ ಅಣ್ಣತಮ್ಮಂದಿರು ಉದ್ದಣ್ಣನಿಗೆ ನಾಲ್ಕು ಕಾಲೋ ಐದು ಕಾಲೋ ಎಂದು ವಾದ ಮಾಡಿ ಮಾಡಿ ಎರಡು ದಿನ ಮಾತು ಬಿಟ್ಟಿದ್ದರು. ಉದ್ದಣ್ಣ ಎನ್ನುವುದು ನಿಮ್ಮ ರಾಕೆಟ್ಟಿಗೆ ನಾವಿಟ್ಟ ಹೆಸರು. ಹೊರಗೆ ಯಾರಿಗೂ ಹೇಳಬೇಡ, ನಿಮ್ಮ ಮೇಲಿನವರಿಗೆ ಇಷ್ಟವಾಗಲಿಕ್ಕಿಲ್ಲ. ಟೈಲರಮ್ಮ ಶೆಡ್ಡಿನ ಬಾಗಿಲ ಸಂದಿಯಲ್ಲಿ ಹೊದಿಕೆಯ ಅಂಚು ಮಾತ್ರ ನೋಡಿ, ಮುಚ್ಚಿದ ಬಟ್ಟೆ ಎಷ್ಟು ಮೀಟರ್ ಇರಬಹುದು ಎಂದು ಲೆಕ್ಕ ಹಾಕಿ, ಅದರಿಂದ ಅವನ ಎತ್ತರ ಹೇಳಿಬಿಟ್ಟಿದ್ದಾಳೆ. "ಹೊಲಿಗೆ ಮಾತ್ರ ನೋಡೋ ಹಾಗಿಲ್ಲ, ಅಂಚು ಎಲ್ಲಾ ಎಳ್ಕೊಂಡಿದೆ" ಎಂದು ಮೂಗು ಮುರಿಯುತ್ತಾಳೆ. ಭೂಗೋಳದ ಮೇಷ್ಟ್ರು ಕೊಡೆ ಹಿಡಿದು ಬರುತ್ತಾರೆ, ಯಾವಾಗಲೂ ಇರುವ ಹಾಗೆ ಇದ್ದಾರೆ. ನನ್ನನ್ನೂ ಸೇರಿಸಿ ಆರು ಜನ. ಹೋಗಿ ಬಂದು ತನ್ನ ಕಾಲ ಮೇಲೆ ತಾನೇ ನಿಲ್ಲುವ, ಮತ್ತೆ ಮತ್ತೆ ಹಾರಿಸಬಹುದಾದ ಒಂದು ರಾಕೆಟ್ಟನ್ನು ಕಣ್ಣಾರೆ ನೋಡಿ ಸಾಯಬೇಕು ಎನ್ನುವುದು ಆರೂ ಜನರ ಆಸೆ. ಅದರಲ್ಲಿ ಒಬ್ಬನ ಮಗಳು ಆ ಶೆಡ್ಡಿನ ಒಳಗೇ ಇದ್ದಾಳೆ ಎನ್ನುವುದಕ್ಕೆ ನನಗೆ ಅಲ್ಲಿ ಸಿಗುವ ಮರ್ಯಾದೆ ನಿನಗೆ ಗೊತ್ತಿಲ್ಲ. ನಾವು ನಿಂತು ನೋಡುವ ಕಾಲುವೆ ಏರಿಯ ಮೇಲೆ ಇರುವ ಒಂದೇ ಒಂದು ಕಲ್ಲುಬೆಂಚು ನನಗೇ ಮೀಸಲು.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಲಿಲ್ಲ. ಮೊದಲ ಸಲ ಓದಿದಾಗ ಎದೆ ಉಬ್ಬಿತು, ಎರಡನೇ ಸಲ ಓದಿದಾಗ ಕೈಕಾಲು ತಣ್ಣಗಾಯಿತು. ಪರದೆ ತೆಗೆದ ದಿನವೇ ಉದ್ದಣ್ಣನನ್ನು ಮುನ್ನೂರು ಮೀಟರ್ ಹಾರಿಸಿ, ಎದ್ದ ಜಾಗದಲ್ಲೇ ಇಳಿಸುತ್ತಾರೆ ಎಂದು ಪೇಪರಿನಲ್ಲೇ ಬಂದಿತ್ತು. ನೀನು ಬರೆದದ್ದು ಅದರ ಮುಂದಿನದು. "ಅವನು ಇಳಿದು ನಿಂತ ಮೇಲೆ ಮೊದಲು ಹತ್ತಿರ ಹೋಗೋ ಇಬ್ಬರಲ್ಲಿ ನಾನೊಬ್ಬಳು ಅಪ್ಪ. ಕಾಲುಗಳಿಗೆ ಬೀಗದ ಪಿನ್ ಹಾಕಿ, ಒಳಗೆ ಉಳಿದ ಇಂಧನ ಸೋರ್ತಾ ಇಲ್ಲ ಅಂತ ನಾವು ಕೈ ಎತ್ತಿ ತೋರಿಸೋ ತನಕ ಬೇರೆ ಯಾರೂ ಬರೋ ಹಾಗಿಲ್ಲ." ಈ ಎರಡು ಸಾಲನ್ನು ನಾನು ಎಷ್ಟು ಸಲ ಓದಿದ್ದೇನೆ ಎಂದರೆ ಕಾಗದ ಆ ಮಡಿಕೆಯಲ್ಲೇ ಸವೆದಿದೆ. ಸೋರುತ್ತಿಲ್ಲ ಎಂದು ಗೊತ್ತಾಗುವುದು ನೀನು ಹತ್ತಿರ ಹೋದ ಮೇಲೆ. ಸೋರುತ್ತಿದ್ದರೂ ಗೊತ್ತಾಗುವುದು ಆಗಲೇ.

ಈಗ ನಿನಗೆ ಹೇಳಬೇಕಾದದ್ದಕ್ಕೆ ಬರುತ್ತೇನೆ.

ನಮ್ಮ ಬಳಗದಲ್ಲಿ ಒಂದು ಪದ್ಧತಿಯಿದೆ. ಎಂಜಿನ್ ಪರೀಕ್ಷೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಬರೀ ಗಾಳಿಯ ಸದ್ದು, ಒಡಕು ಗುಡುಗು, ಅಷ್ಟೇ. ಅದಕ್ಕೆ ನಾವು ಕಿವಿಯನ್ನೇ ನಂಬುತ್ತೇವೆ. ಬೆಂಕಿ ಆರಿದ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಪ್ರತಿಯೊಬ್ಬರೂ ತಮಗೆ ಕಂಡದ್ದು, ಕೇಳಿದ್ದು ಒಂದು ಚೀಟಿಯಲ್ಲಿ ಬರೆದು, ಮಡಚಿ, ಹಲ್ಲು ಡಾಕ್ಟರ ಟೋಪಿಯಲ್ಲಿ ಹಾಕಬೇಕು. ಎಲ್ಲ ಚೀಟಿ ಬಿದ್ದ ಮೇಲೆಯೇ ಮಾತು. ಟೈಲರಮ್ಮ ಮಾಡಿದ ನಿಯಮ ಇದು. "ಒಬ್ರು 'ಇಲ್ಲಿ ಸುಕ್ಕಿದೆ' ಅಂದ್ರೆ ಸಾಕು, ನೆಟ್ಟಗಿರೋ ಬ್ಲೌಸ್‌ನಲ್ಲೂ ನಾಲ್ಕು ಜನಕ್ಕೆ ಸುಕ್ಕು ಕಾಣುತ್ತೆ" ಎನ್ನುತ್ತಾಳೆ ಅವಳು. ಚೀಟಿಗಳನ್ನೆಲ್ಲ ಒಂದು ದಪ್ಪ ನೋಟ್‌ಬುಕ್ಕಿಗೆ ಅಂಟಿಸಿ, ತಾರೀಕು ಹಾಕಿ ಇಟ್ಟಿದ್ದೇವೆ.

ಫೆಬ್ರವರಿ ಹದಿನೆಂಟು, ಮಂಗಳವಾರ, ಐದನೇ ಪರೀಕ್ಷೆ. ನಲವತ್ತು ಸೆಕೆಂಡು ಉರಿದು ನಿಂತಿತು. ಸದ್ದು ನಮ್ಮ ತನಕ ಬಂದು, ದಾಟಿ ಹೋಗಿ, ಹಿಂದಿನ ಗುಡ್ಡಕ್ಕೆ ಬಡಿದು ತಣ್ಣಗಾಯಿತು. ಅದು ತಣ್ಣಗಾದ ಮೇಲೆ ನನಗೆ ಒಂದು ಸೀಟಿ ಕೇಳಿಸಿತು. ಸಣ್ಣದು, ನೇರ, ಏರಿಳಿತವಿಲ್ಲ. ಮೂರು ನಾಲ್ಕು ಸೆಕೆಂಡು ಇದ್ದಿರಬಹುದು. ನಾನು ಚೀಟಿಯಲ್ಲಿ "ನಿಂತ ಮೇಲೆ ಸೀಟಿ. ಇಂಧನದ ಕವಾಟ ಪೂರ್ತಿ ಕೂರುತ್ತಿಲ್ಲ, ಸೋರುತ್ತಿದೆ" ಎಂದು ಬರೆದೆ. ಉಳಿದ ಐದು ಚೀಟಿಗಳಲ್ಲಿ ಸೀಟಿ ಇರಲಿಲ್ಲ. ಹಲ್ಲು ಡಾಕ್ಟರು ನನ್ನ ಚೀಟಿಯನ್ನು ಎರಡು ಸಲ ಓದಿ, "ಒಂದೂವರೆ ಕಿಲೋಮೀಟರ್ ದೂರಕ್ಕೆ ಸೀಟಿ ಕೇಳುತ್ತೇನ್ರೀ" ಎಂದರು.

ನನ್ನ ಕಿವಿಯ ವಿಷಯ ನಿನಗೆ ಗೊತ್ತಲ್ಲ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ನಾನು ಬದುಕಿದ್ದೇ ಕಿವಿಯಿಂದ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಹಿಡಿದರೆ ಯಾವ ಬೇರಿಂಗ್ ತಿಂದುಹೋಗಿದೆ, ಯಾವ ಕವಾಟ ಕೂರುತ್ತಿಲ್ಲ ಎಂದು ಬಿಚ್ಚುವ ಮೊದಲೇ ಹೇಳುತ್ತಿದ್ದೆ. ನೀನು ಡಿಪೋಕ್ಕೆ ಬಂದು ಅದನ್ನು ನೋಡಿಕೊಂಡು ಹೋಗಿ, ಮನೆಯ ಫ್ರಿಜ್ಜಿಗೂ ಸ್ಕ್ರೂಡ್ರೈವರ್ ಒತ್ತಿ "ಇದಕ್ಕೆ ಶೀತ ಆಗಿದೆ" ಎಂದಿದ್ದೆ. ಆಗ ನಿನಗೆ ಆರು ವರ್ಷ. ಎಷ್ಟೋ ಬಸ್ಸುಗಳನ್ನು ನಾನು ಬರೀ ಒಂದು ಸದ್ದಿಗೆ ತಡೆದು ನಿಲ್ಲಿಸಿದ್ದೇನೆ. ಬಿಚ್ಚಿ ನೋಡಿದಾಗ ಕೆಲವದರಲ್ಲಿ ಏನೂ ಇರಲಿಲ್ಲ. ಡ್ರೈವರು ಗೊಣಗಿದ, ಪ್ರಯಾಣಿಕರು ಬೈದರು, ಮಾರನೆಯ ದಿನ ಎಲ್ಲರೂ ಮರೆತರು. ನಿಂತ ಬಸ್ಸಿನಿಂದ ಯಾರ ಜೀವವೂ ಹೋಗಲಿಲ್ಲ. ನಾನು ಕಲಿತದ್ದು ಇಷ್ಟೇ ವಿದ್ಯೆ.

ಇಪ್ಪತ್ತೆರಡಕ್ಕೆ ನಿನ್ನ ಕಾಗದ ಬಂತು. ಆಮೇಲೆ ಆ ಸೀಟಿ ನನ್ನನ್ನು ಬಿಡಲಿಲ್ಲ. ಸ್ನಾನ ಮಾಡುವಾಗ, ಅಂಗಡಿಯಲ್ಲಿ ನಿಂತಿರುವಾಗ, ಅಮ್ಮ ಏನೋ ಕೇಳುತ್ತಿರುವಾಗ ನನ್ನ ಕಣ್ಣೆದುರು ನೀನು ಒಬ್ಬಳೇ ಆ ಬಿಸಿ ಕಾಂಕ್ರೀಟಿನ ಮೇಲೆ ನಡೆದು ಹೋಗುತ್ತಿದ್ದೆ. ಇನ್ನೊಬ್ಬಳು ಜೊತೆಗಿರುತ್ತಾಳೆ ಎಂದು ಗೊತ್ತು, ಆದರೆ ನನಗೆ ಕಾಣುತ್ತಿದ್ದುದು ನೀನು ಮಾತ್ರ. ಊಟ ಸೇರಲಿಲ್ಲ. ಇಪ್ಪತ್ತೈದರಂದು ಆರನೇ ಪರೀಕ್ಷೆ. ಟೋಪಿಯಿಂದ ಚೀಟಿಗಳನ್ನು ತೆಗೆದಾಗ ಆರರಲ್ಲೂ ಸೀಟಿ ಇತ್ತು. ಸೈಕಲ್ ಅಂಗಡಿಯ ತಮ್ಮ "ಕುಕ್ಕರ್ ಆರಿದ ಮೇಲೆ ಬರುವ ಸದ್ದು" ಎಂದು ಬರೆದಿದ್ದ. ಆ ದಿನ ಯಾರೂ ಚಹಾ ಕುಡಿಯಲು ನಿಲ್ಲಲಿಲ್ಲ. ಎರಡು ವರ್ಷ ಹಬ್ಬದ ಹಾಗೆ ನಡೆದ ಗುಂಪು, ಹೆಣ ನೋಡಿ ಬಂದವರ ಹಾಗೆ ಏರಿಯಿಂದ ಇಳಿದು ಮನೆಗೆ ಹೋಯಿತು. ಅದೇ ಮೊದಲ ಸಲ ನಾವು ಉದ್ದಣ್ಣನಿಗೆ ಹೆದರಿದ್ದು.

ಇಪ್ಪತ್ತೇಳಕ್ಕೆ ನಾನು ನಿಮ್ಮ ಸುರಕ್ಷತಾ ವಿಭಾಗಕ್ಕೆ ದೂರು ಕಳಿಸಿದೆ, ಮರಿ.

ಗೇಟಿನ ಪಕ್ಕದ ಪೆಟ್ಟಿಗೆಯಲ್ಲಿ ಸಾರ್ವಜನಿಕರಿಗೆಂದು ಫಾರಂ ಇಟ್ಟಿರುತ್ತಾರಲ್ಲ, ಅದೇ. ಎರಡು ತಾರೀಕು ಬರೆದೆ, ಸೀಟಿ ಎಷ್ಟು ಹೊತ್ತು ಇತ್ತು ಎಂದು ಬರೆದೆ. "ಆರನೇ ಪರೀಕ್ಷೆಯಲ್ಲಿ ಆರು ಜನ ಬೇರೆ ಬೇರೆಯಾಗಿ ಕೇಳಿದ್ದಾರೆ, ಬರೆದ ಚೀಟಿಗಳಿವೆ" ಎಂದು ಬರೆದು, ಚೀಟಿಗಳ ಜೆರಾಕ್ಸ್ ಲಗತ್ತಿಸಿದೆ. ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: ನಿಮ್ಮ ಸಂಬಂಧಿಕರು ಯಾರಾದರೂ ಇಲ್ಲಿ ಕೆಲಸ ಮಾಡುತ್ತಿದ್ದಾರೆಯೇ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಹಾಗಿದ್ದಲ್ಲಿ ವಿಚಾರಣೆ ಮುಗಿಯುವವರೆಗೆ ಆ ಸಿಬ್ಬಂದಿಯನ್ನು ಹಾರಾಟದ ಕೆಲಸದಿಂದ ಹೊರಗಿಡಲಾಗುವುದು ಎಂದಿತ್ತು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಓದಿಯೇ ನಿನ್ನ ಹೆಸರು ಬರೆದೆ. ಗೊತ್ತಿಲ್ಲದೆ ಆಯಿತು ಎಂದು ನಿನ್ನ ಮುಂದೆ ಸುಳ್ಳು ಹೇಳಲಾರೆ.

ಕಳೆದ ಬುಧವಾರ ಅಲ್ಲಿಂದ ಒಬ್ಬ ಅಧಿಕಾರಿ ಫೋನ್ ಮಾಡಿದ್ದರು. ತುಂಬಾ ಮರ್ಯಾದೆಯಿಂದ ಮಾತನಾಡಿದರು. "ನಮ್ಮ ಉಪಕರಣಗಳಲ್ಲಿ ಸೋರಿಕೆ ಏನೂ ಕಂಡಿಲ್ಲ ಸಾರ್. ಆದರೂ ಕವಾಟ ಬಿಚ್ಚಿ ಇನ್ನೊಂದು ಸಲ ನೋಡ್ತೀವಿ. ತಾರೀಕು ಬದಲಾಗಲ್ಲ. ನಿಮ್ಮ ಮಗಳನ್ನ ಇವತ್ತಿಂದ ಇಳಿದ ಮೇಲೆ ಹತ್ತಿರ ಹೋಗೋ ತಂಡದಿಂದ ಬಿಡಿಸಿದ್ದೀವಿ, ಬದಲಿಯವರು ಹೋಗ್ತಾರೆ." ನಾನು ಥ್ಯಾಂಕ್ಸ್ ಎಂದೆ. ನಿನ್ನ ಬದಲಿ ಯಾರು ಎಂದು ನೀನೇ ಹಿಂದೆ ಹೇಳಿದ್ದೆ. ಕಳೆದ ಸಲ ನಿನ್ನ ಜೊತೆ ಮನೆಗೆ ಬಂದಿದ್ದ ಆ ಎತ್ತರದ ಹುಡುಗಿ, ಅಡುಗೆಮನೆಯ ಬಾಗಿಲಿಗೆ ತಲೆ ಬಡಿಸಿಕೊಂಡು ಬಾಗಿಲಿಗೇ ಸಾರಿ ಹೇಳಿದವಳು. ನಾನು ರಾಕೆಟ್ ನಿಲ್ಲಿಸಲು ಹೋದೆ. ಅದು ನಿಲ್ಲಲಿಲ್ಲ, ನೀನು ನಿಂತೆ, ಅವಳು ಹೊರಟಳು. ಹಲ್ಲು ಡಾಕ್ಟರು, "ನೀವು ಒಳ್ಳೇದಕ್ಕೇ ಮಾಡಿದ್ದೀರಿ" ಎಂದರು. ಅವರಿಗೆ ಆ ಹುಡುಗಿಯ ಪರಿಚಯವಿಲ್ಲ.

ಅಮ್ಮನಿಗೆ ಬುಧವಾರವೇ ಗೊತ್ತಾಯಿತು. ಕೂಗಾಡಲಿಲ್ಲ. ತೊಳೆಯುತ್ತಿದ್ದ ಲೋಟವನ್ನು ಕೆಳಗಿಟ್ಟು, "ಅವಳನ್ನ ಒಂದು ಮಾತು ಕೇಳಬಹುದಿತ್ತಲ್ಲ" ಎಂದಳು. ನಾನು ಹೇಗೆ ಕೇಳಲಿ, ಫೋನ್ ಇಲ್ಲ ಎಂದೆ. "ಕಾಗದ ಇತ್ತಲ್ಲ" ಎಂದಳು. ಮೂರು ದಿನದಿಂದ ಅಗತ್ಯಕ್ಕೆ ತಕ್ಕಷ್ಟು ಮಾತ್ರ ಮಾತಾಡುತ್ತಾಳೆ. ಪೇಪರಿನ ತಮಾಷೆಯನ್ನು ಇವತ್ತೇ ಮಾಡಿದ್ದು, ಅದೂ ನಾನು ನಿನಗೆ ಬರೆಯಲು ಕುಳಿತೆ ಎಂಬ ಸಮಾಧಾನಕ್ಕೆ.

ಯಾರು ದೂರು ಕೊಟ್ಟರು ಎಂದು ನಿನಗೆ ಅವರು ಹೇಳಿದ್ದಾರೋ ಇಲ್ಲವೋ ನನಗೆ ತಿಳಿಯದು. ಹೇಳಿರದಿದ್ದರೆ, ಬೇರೆ ಯಾರ ಮೇಲೂ ಅನುಮಾನ ಪಡಬೇಡ. ನಿನ್ನ ಎರಡು ವರ್ಷದ ಕೆಲಸಕ್ಕೆ ಕೈ ಹಾಕಿದವನು ನಾನೇ. ಸಿಟ್ಟು ಮಾಡಿಕೋ, ನಿನಗೆ ಹಕ್ಕಿದೆ. ಆದರೆ ಆ ಹುಡುಗಿಗೆ ಸೀಟಿಯ ವಿಷಯ ಹೇಳು. ಇಳಿದ ಮೇಲೆ ನೀವು ಎಷ್ಟು ನಿಮಿಷ ಕಾಯುತ್ತೀರೋ ಅದಕ್ಕಿಂತ ಹೆಚ್ಚು ಹೊತ್ತು ಕಾಯುವಂತೆ ಹೇಳು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಯಿಂದಲೇ ಹತ್ತಿರ ಹೋಗಲಿ. ಇದೆಲ್ಲ ನಿಮಗೆ ಗೊತ್ತಿರುತ್ತದೆ, ಡಿಪೋದ ಮುದುಕ ಹೇಳಬೇಕಾಗಿಲ್ಲ. ಹೇಳದೆ ಇರಲು ನನಗೆ ಆಗುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿಲಲ್ಲಿ ಬರಿ ತಲೆಯಲ್ಲಿ ಓಡಾಡಬೇಡ. ನೀನು ಎಲ್ಲಿದ್ದರೂ ಚೆನ್ನಾಗಿರಬೇಕು, ನಮ್ಮ ಮೇಲೆ ಎಷ್ಟು ಬೇಜಾರಿದ್ದರೂ ಚೆನ್ನಾಗಿರಬೇಕು ಎಂದು ಇಬ್ಬರೂ ಹರಸುತ್ತೇವೆ.

ನಿನ್ನ,
ಅಪ್ಪ

ಮರೆತ ಮಾತು. ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ನಿನ್ನೆ ಈ ಕಾಗದವನ್ನು ಮಡಚಿ ಲಕೋಟೆಯಲ್ಲಿ ಹಾಕಿದ್ದೆ, ಅಂಟಿಸಲು ಆಗಲಿಲ್ಲ. ಮರೆತ ಮಾತು ಎಂದು ಬರೆದೆ, ಮರೆತಿರಲಿಲ್ಲ.

ಆರನೇ ಪರೀಕ್ಷೆಯ ದಿನ ನಾವು ಏರಿಯ ಕಡೆ ನಡೆದು ಹೋಗುತ್ತಿದ್ದಾಗ ನಾನು ಐದೂ ಜನರಿಗೆ ಹೇಳಿದೆ. ಹೋದ ಸಲ ನನಗೆ ಸೀಟಿ ಕೇಳಿದ್ದು ನಿಜ, ಬೆಂಕಿ ಆರಿದ ಮೇಲೆ ಮೂರು ಸೆಕೆಂಡು ಕಿವಿಗೊಟ್ಟು ಕೇಳಿ, ನನ್ನ ಮಗಳು ಅದರ ಹತ್ತಿರ ಹೋಗುತ್ತಾಳೆ ಎಂದೆ. ಟೈಲರಮ್ಮ ನನ್ನ ಮುಖ ನೋಡಿದಳು, ತನ್ನ ನಿಯಮವನ್ನು ನೆನಪಿಸಲಿಲ್ಲ. ಆಮೇಲೆ ಅವರೆಲ್ಲ ಬರೆದದ್ದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅವರಿಗೆ ಕೇಳಿಸಿತು. ಕೇಳಿಸಿದವನು ನಾನು. "ಬೇರೆ ಬೇರೆಯಾಗಿ" ಎಂದು ಫಾರಂನಲ್ಲಿ ಬರೆದದ್ದು ಮಾತ್ರ ನನ್ನ ಸುಳ್ಳು.

ಇನ್ನೊಂದು ಇದೆ. ಕಳೆದ ವರ್ಷ ಕಣ್ಣಿನ ಪರೀಕ್ಷೆಗೆ ಎಂದು ಹೇಳಿ ನಾನು ಹೋಗಿದ್ದು ಕಿವಿ ಡಾಕ್ಟರ ಹತ್ತಿರ. ಎಡಗಿವಿಯಲ್ಲಿ ಸಣ್ಣ ಸದ್ದುಗಳು ಹೋಗಿವೆ, ಬಲಗಿವಿಯಲ್ಲಿ ಹೋಗುತ್ತಿವೆ ಎಂದರು. "ಜೋರಾದ ಸದ್ದು ನಿಂತ ತಕ್ಷಣ ನಿಮ್ಮ ಕಿವಿ ತಾನೇ ಒಂದು ಸೀಟಿ ಹಾಕುತ್ತೆ. ಹೊರಗೆ ಏನೂ ಇರಲ್ಲ" ಎಂದರು. ಯಾರಿಗೂ ಹೇಳಲಿಲ್ಲ. ಡಿಪೋದಲ್ಲಿ ಮೂವತ್ತೊಂದು ವರ್ಷ ಕಿವಿಯಿಂದ ಬದುಕಿದವನು ಆ ಮಾತನ್ನು ಹೆಂಡತಿಗೂ ಹೇಳಲಿಲ್ಲ. ಐದನೇ ಪರೀಕ್ಷೆಯ ದಿನ ಏರಿಯ ಮೇಲೆ ನಿಂತಾಗಲೂ ಡಾಕ್ಟರು ಹೇಳಿದ್ದು ನೆನಪಿತ್ತು. ಆದರೂ ಡಿಪೋದಲ್ಲಿ ಕೇಳುತ್ತಿದ್ದ ಹಾಗೇ ಕೇಳಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಎಂಜಿನ್ನಿನದೋ ನನ್ನದೋ, ದೇವರಾಣೆ ನನಗೆ ಗೊತ್ತಿಲ್ಲ ಮರಿ. ಗೊತ್ತಿಲ್ಲದೆಯೇ ಸಹಿ ಹಾಕಿದೆ.

ನಿನ್ನೆ ಸಂಜೆ ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಅವಳು ಲಕೋಟೆಯನ್ನು ನನ್ನ ಕೈಗೆ ವಾಪಸ್ ಕೊಟ್ಟು, "ಬರೀರಿ. ಅವಳಿಗೆ ಬೇಕಾದ್ದು ಈ ಮಾತು" ಎಂದಳು. ಈಗ ಪಕ್ಕದಲ್ಲೇ ಕುಳಿತಿದ್ದಾಳೆ. ಈ ಪುಟವನ್ನು ನಿನ್ನ ಮೇಲಿನವರಿಗೆ ತೋರಿಸಿದರೆ ದೂರು ಬಿದ್ದುಹೋಗುತ್ತದೆ, ನಿನ್ನನ್ನು ತಂಡಕ್ಕೆ ವಾಪಸ್ ಸೇರಿಸಿಕೊಳ್ಳುತ್ತಾರೆ, ಇಪ್ಪತ್ತೊಂದಕ್ಕೆ ನೀನೇ ನಡೆದು ಹೋಗುತ್ತೀಯ. ತಾರೀಕು ಹಾಕಿ, ಪುಟದ ಹಿಂದೆ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೇನೆ. ಕಿವಿ ಡಾಕ್ಟರ ಚೀಟಿಯನ್ನೂ ಇದರ ಜೊತೆ ಇಟ್ಟಿದ್ದೇನೆ.

ತೋರಿಸು ಮರಿ. ನನಗೆ ತುಂಬಾ ಭಯವಾಗುತ್ತಿದೆ.